ಉಣ್ಣೆ ಕೋಣೆಯ ಬಾಗಿಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಪಶ್ಚಿಮದ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗ ನಾನು ಕುವೈತಿನ ಜಹ್ರಾ ಪಟ್ಟಣದ ಒಂದು ಕೊರಿಯರ್ ಅಂಗಡಿಯಲ್ಲಿ ಉಣ್ಣೆಯ ಮಾದರಿಗಳ ಪೊಟ್ಟಣ ಕೊಟ್ಟು ರಸೀದಿ ಪಡೆಯುತ್ತಿದ್ದೆ. ರಸೀದಿಯ ಮೇಲೆ ಸಮಯ ಅಚ್ಚಾಗಿತ್ತು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ಅಂಕಿಗಳು ಅರ್ಧ ಮಾಸಿವೆ, ನಾನು ಎಸೆದಿಲ್ಲ.

ಕಳೆದ ವಾರ ಫಹಾಹೀಲಿಗೆ ತರಕಾರಿ ತರಲು ಹೆಂಡತಿ ಗಿರಿಜೆಯ ಜೊತೆ ಹೋಗಿದ್ದೆ. ಕಬಾಬ್ ಅಂಗಡಿಯವನು ಹೊರಗೆ ಇದ್ದಿಲು ಹೊತ್ತಿಸುತ್ತಿದ್ದ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಕಾಲು ಅಲ್ಲೇ ನಿಂತಿತು. ಗಿರಿಜೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನನ್ನ ಮೊಣಕೈ ಹಿಡಿದಳು.

"ಹೊರಗ ಅದಾನ್ರೀ ಅವ. ಸುತ್ತೂ ಗಾಳಿ ಐತಿ. ನಡೀರಿ," ಎಂದಳು.

ಹೀಗೆ ಅವಳು ನನ್ನನ್ನು ಇದ್ದಿಲಿನ ಮುಂದಿನಿಂದ ದಾಟಿಸುವುದು ಅದು ಮೊದಲ ಸಲವಲ್ಲ. ವರ್ಷವಾಗುತ್ತ ಬಂತು. ಬರೆದಿಟ್ಟರೆ ಹಗುರಾಗಬಹುದು ಎಂದು ಅವಳೇ ಹೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಾವೇರಿ ಕಡೆಯ ಊರು. ಅಜ್ಜನಿಗೆ ಕುರಿ ಹಿಂಡಿತ್ತು. ಅಪ್ಪ ಶಾಲೆಯ ಮಾಸ್ತರನಾದ. ನಾನು ಬೀದರಿನಲ್ಲಿ ಪಶುವೈದ್ಯಕೀಯ ಓದಿ ಮತ್ತೆ ಕುರಿಯ ಹತ್ತಿರವೇ ಬಂದೆ. ಗಿರಿಜೆಗೆ ಮೀನಾ ಅಲ್ ಅಹ್ಮದಿಯ ಸಂಸ್ಕರಣಾಗಾರದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ ಮೇಲೆ ನಾವು ಮಂಗಫ್‌ನಲ್ಲಿ ಮನೆ ಮಾಡಿದೆವು. ನಾನು ಕೆಲಸ ಹುಡುಕುತ್ತಿದ್ದಾಗ ಅಬು ನಾಸರ್ ಸಿಕ್ಕರು.

ಅಬು ನಾಸರ್ ನಿವೃತ್ತ ತೈಲ ಎಂಜಿನಿಯರ್. ಜಹ್ರಾ ದಾಟಿ ಇನ್ನೂ ಪಶ್ಚಿಮಕ್ಕೆ ಮರಳುಗಾಡಿನಲ್ಲಿ ಅವರ ತೋಟವಿತ್ತು. ಕುವೈತಿನಲ್ಲಿ ಅಂಥ ತೋಟ ಇರುವವರೆಲ್ಲ ಒಂಟೆಯನ್ನೋ ಕೊಬ್ಬಿನ ಬಾಲದ ನಈಮಿ ಕುರಿಗಳನ್ನೋ ಸಾಕುತ್ತಾರೆ. ಇವರಿಗೆ ಮಾತ್ರ ಬೇರೆಯದೇ ಹುಚ್ಚು. ಹಿಂದೊಮ್ಮೆ ಕೆಲಸದ ಮೇಲೆ ಆಸ್ಟ್ರೇಲಿಯಕ್ಕೆ ಹೋಗಿದ್ದಾಗ, ಇನ್ನೂರು ವರ್ಷಗಳ ಹಿಂದೆ ಅಲ್ಲಿನ ವಸಾಹತಿಗೆ ಬಂದ ಬ್ರಿಟಿಷ್ ಸೈನ್ಯದ ಅಧಿಕಾರಿಯೊಬ್ಬನ ಕತೆ ಕೇಳಿ ಬಂದಿದ್ದರು. ಸ್ಪೇನ್ ಮೂಲದ ಕೆಲವೇ ಮೆರಿನೊ ಕುರಿಗಳನ್ನು ಇಟ್ಟುಕೊಂಡು ಅವನು ನಯವಾದ ಉಣ್ಣೆಯ ಸಾಕಣೆ ಶುರು ಮಾಡಿದ್ದ. ಅವನ ಚಿತ್ರವನ್ನು ಕಟ್ಟು ಹಾಕಿಸಿ ತಂದಿದ್ದರು: ಕೆಂಪು ಕೋಟು, ಬಿಗಿದ ತುಟಿ, ಪಕ್ಕದಲ್ಲಿ ಸುರುಳಿ ಕೊಂಬಿನ ಟಗರು.

"ಅವನ ನೆರೆಯವರೂ ನಕ್ಕಿರಬೇಕು, ಡಕ್ತೂರ್," ಎನ್ನುತ್ತಿದ್ದರು ಅಬು ನಾಸರ್. "ನಗಲಿ. ಇಲ್ಲಿಯೂ ಆಗುತ್ತದೆ."

ನೆರೆಯವರು ನಗುವುದಕ್ಕೆ ಕಾರಣವೂ ಇತ್ತು. ಇಲ್ಲಿ ಆಸ್ಟ್ರೇಲಿಯದ ಕುರಿ ಎಂದರೆ ಹಡಗಿನಲ್ಲಿ ಬಂದು ನೇರ ಕಸಾಯಿಗೆ ಹೋಗುವ ಅಗ್ಗದ ಮಾಂಸ. ಅದನ್ನು ಉಣ್ಣೆಗಾಗಿ ಸಾಕುವುದು, ಅದರ ಮೈಗೆ ದೂಳು ತಾಗಬಾರದೆಂದು ಬಟ್ಟೆ ಹೊದಿಸುವುದು ಯಾರೂ ಕಂಡರಿಯದ ಸಂಗತಿ. ಅಂಥ ಐವತ್ತೆಂಟು ಕುರಿಗಳನ್ನು ಅವರು ಆರಿಸಿ ತರಿಸಿದ್ದರು. ನನ್ನ ಕೈಗೆ ಹಿಂಡನ್ನು ಕೊಟ್ಟಾಗ ಅಕ್ಟೋಬರ್ ತಿಂಗಳು, ಸೆಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಕುರಿ ನೋಡಿಕೊಳ್ಳಲು ಬೀರಪ್ಪಣ್ಣ ಇದ್ದ. ಗದಗಿನ ಕಡೆಯ ಕುರುಬ, ಐವತ್ತೈದರ ಆಸುಪಾಸು. ಬೇರೊಬ್ಬ ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ ಬಳಿ ಹನ್ನೊಂದು ವರ್ಷ ನಈಮಿ ಕುರಿ ಕಾಯ್ದು, ವಾಸದ ಪರವಾನಗಿ ಇಕಾಮಾ ಬದಲಿಸಿಕೊಂಡು ಅಬು ನಾಸರರ ಬಳಿ ಬಂದಿದ್ದ. ಊರಿನಿಂದ ತಂದ ಕರಿ ಕಂಬಳಿ ಸದಾ ಹೆಗಲ ಮೇಲೆ. ಮೊದಲ ದಿನ ಒಂದು ಮೆರಿನೊ ಕುರಿಯ ಬೆನ್ನಿನ ಉಣ್ಣೆಯನ್ನು ಎರಡೂ ಕೈಯಿಂದ ಬಿಡಿಸಿ, ಚರ್ಮ ಕಾಣುವವರೆಗೂ ಬೆರಳು ಇಳಿಸಿ ನೋಡಿದ.

"ಇದು ಕುರಿ ಅಲ್ರಿ ಡಾಕ್ಟ್ರ. ಕಾಲು ಬಂದ ಗಾದಿ," ಎಂದ.

ಅವನಿಗೆ ನಾನು ಡಾಕ್ಟ್ರ. ಚಿತ್ರದಲ್ಲಿದ್ದ ಅಧಿಕಾರಿ ಕೆಂಪಂಗಿ ಸಾಹೇಬ. ಒಂದು ದಿನ ಚಿತ್ರದ ದೂಳು ಒರೆಸುತ್ತ ಕೇಳಿದ:

"ಈ ಸಾಹೇಬರು ತಾವಽ ಕುರಿ ಕಾಯ್ತಿದ್ರೇನ್ರಿ?"

"ಇಲ್ಲ ಬೀರಪ್ಪಣ್ಣ. ಅಲ್ಲಿ ಆಗ ಕುರಿ ಕಾಯೂದು ಕೈದಿಗಳ ಕೆಲಸ. ಇಂಗ್ಲೆಂಡಿನಿಂದ ಶಿಕ್ಷೆ ಕೊಟ್ಟು ಕಳಿಸಿದವರು."

"ಹೌದಾ. ಅವರ ಫೋಟೋ ಎಲ್ಲೈತ್ರಿ?"

ಅವನು ಒರೆಸುವ ಬಟ್ಟೆ ಝಾಡಿಸಿ ಹೊರಟ.

ಆ ಚಳಿಗಾಲ ಚೆನ್ನಾಗಿತ್ತು. ಗಿರಿಜೆ ಮಂಗಫ್‌ನ ಮನೆಯಲ್ಲಿ ಹಳೆಯ ಹಾಸಿಗೆ ಹೊದಿಕೆಗಳನ್ನು ಕತ್ತರಿಸಿ ಕುರಿಗಳಿಗೆ ಅಂಗಿ ಹೊಲಿದು ಕೊಟ್ಟಳು. ಹೂವಿನ ಚಿತ್ತಾರದ ಅಂಗಿ ತೊಟ್ಟ ಕುರಿಗಳನ್ನು ಬೀರಪ್ಪಣ್ಣ ಮರಳಿನ ಮೇಲೆ ಹೊಡೆದುಕೊಂಡು ಹೋಗುವಾಗ ಪಕ್ಕದ ತೋಟದ ಒಂಟೆ ಕಾಯುವ ಇದ್ರೀಸ್ ಬೇಲಿಯ ಆಚೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇದ್ರೀಸ್ ಸೂಡಾನಿನವನು. "ಭಾಯಿ, ಶಾದಿ ಹೈ ಕ್ಯಾ?" ಎಂದು ದಿನವೂ ಅದೇ ಮದುವೆಯ ಪ್ರಶ್ನೆ. "ನಿನ್ನ ಒಂಟಿಗೂ ಒಂದು ಹೊಲಸ್ತೀನಿ, ಅಳತಿ ಕೊಡು," ಎಂದು ಬೀರಪ್ಪಣ್ಣ ಕನ್ನಡದಲ್ಲೇ ಕೂಗುತ್ತಿದ್ದ. ಇಬ್ಬರಿಗೂ ಅರ್ಥವಾಗುತ್ತಿತ್ತು.

ಕುರಿಗಳು ಇರುವುದು ಮೇಲೆ ತಗಡು, ಸುತ್ತ ಬಲೆ ಕಟ್ಟಿದ ದೊಡ್ಡಿಯಲ್ಲಿ. ಅದರ ಪಕ್ಕ ಅಬು ನಾಸರ್ ಉಣ್ಣೆ ಕತ್ತರಿಸಲೆಂದೇ ಒಂದು ಕೋಣೆ ಕಟ್ಟಿಸಿದ್ದರು. ಶೀತಲ ಗೋದಾಮಿಗೆ ಹಾಕುವ ದಪ್ಪ ಹಲಗೆಯ ಗೋಡೆಗಳು, ಕಿಟಕಿಯಿಲ್ಲ, ಬಾಗಿಲಿನ ನಾಲ್ಕೂ ಅಂಚಿಗೆ ರಬ್ಬರ್ ಪಟ್ಟಿ. ಮರಳುಗಾಡಿನ ದೂಳು ಒಂದು ಕಣವೂ ಒಳಗೆ ಬರಬಾರದು. ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು ಆ ಕೋಣೆಯನ್ನೇ. ಕೆಂಪಂಗಿ ಸಾಹೇಬನ ಚಿತ್ರ ತೂಗಿದ್ದೂ ಅಲ್ಲೇ.

ಫೆಬ್ರವರಿಯಲ್ಲಿ ಒಂದು ದಿನ ನೋಡಿದರೆ ಬಾಗಿಲಿನ ಕೆಳ ಅಂಚಿನ ರಬ್ಬರ್ ಒಂದು ಗೇಣಿನಷ್ಟು ಇಲ್ಲ.

"ಬೀರಪ್ಪಣ್ಣ, ಇಲ್ಲಿನ ರಬ್ಬರ್ ಎಲ್ಲಿ ಹೋತು?"

"ಕಾಲಾಗ ಐತ್ರಿ," ಎಂದು ಅವನು ಚಪ್ಪಲಿ ಎತ್ತಿ ತೋರಿಸಿದ. ಊರಿನ ಚರ್ಮದ ಚಪ್ಪಲಿಯ ಹಿಮ್ಮಡಿ ಸವೆದಿತ್ತು. ಅಲ್ಲಿಗೆ ರಬ್ಬರನ್ನು ಅಚ್ಚುಕಟ್ಟಾಗಿ ಮೊಳೆ ಹೊಡೆದು ಕೂರಿಸಿದ್ದ. ನಾನು ರೇಗಿದೆ. ಹೊಸ ಚಪ್ಪಲಿ ಬೇಕಿದ್ದರೆ ಕೇಳಬಾರದಿತ್ತೇ, ಅಬು ನಾಸರ್ ನೋಡಿದರೆ ನಾನು ಏನು ಹೇಳಲಿ ಎಂದೆಲ್ಲ ಕೂಗಾಡಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ಒಂದು ಗೇಣು ಜಾಗಾದಾಗ ಎಷ್ಟು ದೂಳು ಬಂದೀತ್ರಿ," ಎಂದಷ್ಟೇ ಹೇಳಿದ. ಆ ಸಂದಿಗೆ ಹೊಸ ಪಟ್ಟಿ ತರುವುದು ನನ್ನ ಕೆಲಸಗಳ ಪಟ್ಟಿಯಲ್ಲಿ ಸೇರಿತು.

ಮಾರ್ಚ್ ಎರಡನೆಯ ವಾರಕ್ಕೆ ಉಣ್ಣೆ ಕತ್ತರಿಸಲು ನಿಶ್ಚಯಿಸಿದೆ. ಸೆಕೆ ಬರುವ ಮೊದಲೇ ಕುರಿಗಳ ಮೈ ಹಗುರಾಗಬೇಕು ಎಂಬುದು ಕಾಲೇಜಿನಲ್ಲಿ ಕಲಿತ ಲೆಕ್ಕ. ಜೊತೆಗೆ ಅಬು ನಾಸರರ ಗೆಳೆಯರು ಶುಕ್ರವಾರ ಉಣ್ಣೆ ನೋಡಲು ಬರುವವರಿದ್ದರು. ಯಂತ್ರ ಹಿಡಿದು ಕತ್ತರಿಸುವ ಇಬ್ಬರನ್ನು ಜಹ್ರಾದಿಂದ ಕರೆತಂದೆ. ಆಗ ಬೀರಪ್ಪಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ಎಲ್ಲಾ ಒಮ್ಮೆಗೇ ಬ್ಯಾಡ್ರಿ ಡಾಕ್ಟ್ರ. ನಮ್ಮಲ್ಲಿ ಅರ್ಧ ಹಿಂಡು ಇವತ್ತ ಕತ್ತರಸ್ತೀವಿ, ಅರ್ಧ ಎಂಟು ದಿನಾ ಬಿಟ್ಟು. ಬೋಳಾದವು ಉಣ್ಣಿ ಇದ್ದವುಗಳ ನಡುವ ಮಲಗ್ತಾವು. ಸರಾಯಾತ್ ಇನ್ನೂ ಮುಗದಿಲ್ಲ."

ಸರಾಯಾತ್ ಎಂದರೆ ಇಲ್ಲಿ ವಸಂತದಲ್ಲಿ ಏಕಾಏಕಿ ಎದ್ದು ಬರುವ ಬಿರುಗಾಳಿ ಮಳೆ. ಹನ್ನೊಂದು ವರ್ಷ ಮರಳಿನಲ್ಲಿ ಕುರಿ ಕಾಯ್ದವನಿಗೆ ಅದರ ಪರಿಚಯ ನನಗಿಂತ ಹೆಚ್ಚಿತ್ತು.

"ಈ ಕತ್ತರಸೋರು ಎರಡು ಸಲ ಬರೂದಿಲ್ಲ ಬೀರಪ್ಪಣ್ಣ. ಫೋನಿನಾಗ ನೋಡೇನಿ, ಈ ವಾರ ಮಳಿ ಇಲ್ಲ."

"ಫೋನಿಗೆ ಉಣ್ಣಿ ಇಲ್ಲಲ್ರಿ, ಅದಕ್ಕೇನು ಚಳಿ," ಎಂದು ನಕ್ಕು ಕುರಿ ಹಿಡಿಯಲು ಹೋದ.

ಬುಧವಾರ ಸಂಜೆಯ ಹೊತ್ತಿಗೆ ಐವತ್ತೆಂಟೂ ಕುರಿಗಳು ಬೋಳಾಗಿದ್ದವು. ಗುಲಾಬಿ ಬಣ್ಣದ ಚರ್ಮ, ಉದ್ದ ಕತ್ತು, ಒಂದರ ಗುರುತು ಇನ್ನೊಂದಕ್ಕೆ ಸಿಗದೆ ಕಂಗಾಲಾಗಿ ಅರಚುತ್ತಿದ್ದವು. ಗುರುವಾರ ಮಾದರಿ ಕಳಿಸಲು, ಹಾಗೆಯೇ ಬಾಗಿಲಿನ ರಬ್ಬರ್ ಪಟ್ಟಿ ಕೊಳ್ಳಲು ನಾನು ಜಹ್ರಾಕ್ಕೆ ಬಂದೆ.

ಮೂರು ಹತ್ತಕ್ಕೆ ಆಕಾಶ ಕಂದಾಯಿತು. ಐದು ನಿಮಿಷದಲ್ಲಿ ಎದುರಿನ ಅಂಗಡಿ ಕಾಣದಷ್ಟು ದೂಳು. ಅದರ ಹಿಂದೆಯೇ ಮಳೆ, ಆಲಿಕಲ್ಲು. ಬೀರಪ್ಪಣ್ಣನಿಗೆ ಫೋನ್ ಮಾಡಿದೆ.

"ಕುರಿ ಎಲ್ಲಾ ಉಣ್ಣಿ ಕೋಣೆಗೆ ಹೊಡಿ. ಬಾಗಿಲು ಹಾಕು. ಒಂಚೂರೂ ಗಾಳಿ ಒಳಗ ಬರಬಾರದು."

"ಆತ್ರಿ," ಎಂದ. ನಾನು ಹೇಳಿದ್ದು ಇಷ್ಟೇ. ಈ ಮಾತನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಪಿಕಪ್ ಹತ್ತಿ ಹೊರಟೆ. ರಸ್ತೆಯ ತಗ್ಗುಗಳಲ್ಲಿ ನೀರು ನಿಂತು ಗಾಡಿಗಳು ಸಾಲುಗಟ್ಟಿದ್ದವು. ಮೂರು ಐವತ್ತಕ್ಕೆ ಬೀರಪ್ಪಣ್ಣನೇ ಫೋನ್ ಮಾಡಿದ. ತಗಡಿನ ಮೇಲೆ ಆಲಿಕಲ್ಲು ಬೀಳುವ ಸದ್ದಿನ ನಡುವೆ ಅವನ ದನಿ ಆರಾಮಾಗಿತ್ತು.

"ಎಲ್ಲಾ ಒಳಗ ಅದಾವ್ರಿ. ನಡಗಾಕ ಹತ್ತಿದ್ವು. ದುವ್ವಾದಾಗ ಕೆಂಡಾ ಮಾಡಿ ಒಳಗ ಇಟ್ಟೇನಿ, ಎರಡು ಬುಟ್ಟಿ ಇದ್ದಲಿ. ನಾನೂ ಇಲ್ಲೇ ಅದೀನಿ. ಈಗ ಬೆಚ್ಚಗ ಅದಾವು."

ದುವ್ವಾ ಎಂದರೆ ಇಲ್ಲಿನವರು ಚಳಿಗೆ ಕೆಂಡ ಕಾಯಿಸಿಕೊಳ್ಳುವ ಅಗಲ ಲೋಹದ ಒಲೆ. ಬೀರಪ್ಪಣ್ಣ ಊರಿನಲ್ಲೂ ಇಲ್ಲಿಯೂ ಬಯಲಿನಲ್ಲಿ ಕೆಂಡ ಕಾಯಿಸಿಯೇ ಬದುಕಿದವನು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಆ ವಿಷಾನಿಲಕ್ಕೆ ವಾಸನೆಯೂ ಇರುವುದಿಲ್ಲ, ನಿದ್ದೆಯ ಹಾಗೆ ಬರುತ್ತದೆ ಎಂಬುದು ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ. ಗೊತ್ತಿದ್ದವನು ನಾನು.

"ಬಾಗಿಲು ತಗಿ," ಎಂದು ಕೂಗಿದೆ. "ಬೀರಪ್ಪಣ್ಣ, ಹೊರಗ ಬಾ, ಬಾಗಿಲು ತಗಿ."

"ಏನ್ರಿ? ಕೇಳಸವಲ್ದು. ತಲಿ ಒಂದೀಟು ಭಾರ ಆಗೇತಿ, ಆಮ್ಯಾಲ ಮಾಡ್ತೀನ್ರಿ," ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಏಳು ಸಲ ಮಾಡಿದೆ.

ತುರ್ತು ಸಂಖ್ಯೆಗೆ ಕರೆ ಮಾಡಿ ಹೇಳಿದೆ. ಆಂಬುಲೆನ್ಸ್ ಹೊರಡುತ್ತದೆ, ಆದರೆ ರಸ್ತೆಗಳ ಸ್ಥಿತಿ ಗೊತ್ತಲ್ಲ ಎಂದರು. ಅಬು ನಾಸರರಿಗೆ ಮಾಡಿದೆ. ಅವರು ಕುವೈತ್ ಸಿಟಿಯಲ್ಲಿದ್ದರು. ನನ್ನ ಮಾತು ಮುಗಿಯುವ ಮೊದಲೇ, "ಖಲಾಸ್, ಅರ್ಥವಾಯಿತು. ಪಕ್ಕದ ತೋಟದವನಿಗೆ ಹೇಳುತ್ತೇನೆ," ಎಂದು ಫೋನ್ ಇಟ್ಟರು.

ಆಮೇಲಿನ ನಲವತ್ತು ನಿಮಿಷ ನನ್ನ ತಲೆಯಲ್ಲಿ ಇನ್ನೂ ಓಡುತ್ತಲೇ ಇದೆ. ವೈಪರ್ ಎಡಕ್ಕೆ ಬಲಕ್ಕೆ. ಮುಂದೆ ಒಂದು ನೀರಿನ ಟ್ಯಾಂಕರ್. ಪಕ್ಕದ ಸೀಟಿನಲ್ಲಿ ಹೊಸ ರಬ್ಬರಿನ ಸುರುಳಿ. ಒಂದು ಕಡೆ ರಸ್ತೆ ಬಿಟ್ಟು ಮರಳಿಗೆ ಇಳಿಸಿದೆ, ಚಕ್ರ ಹೂತು, ಮತ್ತೆ ಹೇಗೋ ಎದ್ದಿತು. ಕೈದಿಗಳ ಫೋಟೋ ಎಲ್ಲೈತ್ರಿ ಎಂದು ಅವನು ಕೇಳಿದ್ದು ಯಾಕೋ ಅಲ್ಲೇ ನೆನಪಾಯಿತು. ಅವರೂ ಚಳಿಯಲ್ಲಿ ಯಾರದೋ ಕುರಿಗಳ ಜೊತೆ ಕೂತಿದ್ದವರು.

ತೋಟ ತಲುಪಿದಾಗ ನಾಲ್ಕು ನಲವತ್ತು. ಉಣ್ಣೆ ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ಕೆಸರಿನಲ್ಲಿ ಇದ್ರೀಸ್ ಕಾಲು ಚಾಚಿ ಕೂತಿದ್ದ. ಅವನ ತೊಡೆಯ ಮೇಲೆ ಬೀರಪ್ಪಣ್ಣನ ತಲೆ. ಮಳೆ ನೇರ ಮುಖದ ಮೇಲೆ ಬೀಳುತ್ತಿತ್ತು. ಇದ್ರೀಸ್ ಅದನ್ನು ತಡೆಯದೆ, ಕೆನ್ನೆ ತಟ್ಟುತ್ತ, "ಯಲ್ಲಾ ಭಾಯಿ, ಯಲ್ಲಾ," ಎಂದು ಎಬ್ಬಿಸುತ್ತಿದ್ದ.

ಬೀರಪ್ಪಣ್ಣನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಮೊದಲು ನೋಡಿದ್ದು ಅದನ್ನೇ.

ಆಮೇಲೆ ಉಸಿರು ಬಿಗಿಹಿಡಿದು ಒಳಗೆ ಹೋಗಿ, ದುವ್ವಾವನ್ನು ಸಲಾಕೆಯಿಂದ ಎಳೆದು ಮಳೆಗೆ ತಳ್ಳಿದೆ. ಕುರಿಗಳು ಒಂದರ ಮೇಲೊಂದು ಬಿದ್ದಿದ್ದವು. ಬಾಗಿಲ ಕಡೆಯವು ಎದ್ದು ತೂರಾಡುತ್ತ ಹೊರಬಂದವು. ಒಳಮೂಲೆಯ ಒಂಬತ್ತು ಏಳಲಿಲ್ಲ. ಒಂದರ ತುಟಿ ಬಿಡಿಸಿ ನೋಡಿದೆ. ಒಸಡು ಗಿಣಿಯ ಕೊಕ್ಕಿನಂತೆ ಕೆಂಪಾಗಿತ್ತು. ಆ ವಿಷಾನಿಲದ ಗುರುತೆಂದು ಪುಸ್ತಕದಲ್ಲಿ ಓದಿದ್ದ ಬಣ್ಣವನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಸಾಹೇಬನ ಚಿತ್ರ ನೆಲಕ್ಕೆ ಬಿದ್ದು ಗಾಜು ಒಡೆದಿತ್ತು.

ಆಂಬುಲೆನ್ಸ್ ಬಂತು. ಜಹ್ರಾದ ಆಸ್ಪತ್ರೆಯಲ್ಲಿ ಅವನಿಗೆ ಆಮ್ಲಜನಕದ ಮುಖವಾಡ ಹಾಕಿದರು. ಅಲ್ಲಿದ್ದ ನರ್ಸ್ ಫ್ಲಾವಿಯಾ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಒದ್ದೆ ಅಂಗಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ ನಾನು ಕನ್ನಡದವನೆಂದು ಅವರಿಗೆ ಹೇಗೆ ತಿಳಿಯಿತೋ.

"ನೀವು ಕೂತ್ಕೊಳ್ಳಿ ಮಾರಾಯ್ರೆ. ನೀವು ಬಿದ್ರೆ ನಂಗೆ ಇನ್ನೊಂದು ಬೆಡ್ ಹುಡುಕ್ಬೇಕಾಗ್ತದೆ," ಎಂದರು. ಆಮೇಲೆ ಮೆತ್ತಗೆ, "ಉಳೀತಾರೆ. ಡಾಕ್ಟ್ರು ಹೇಳಿದ್ದಾರೆ. ಆದ್ರೆ ಆ ರೂಮಲ್ಲಿ ಇಷ್ಟು ಹೊತ್ತು ಹೇಗೆ ಉಳಿದ್ರು ಅಂತ ಅವ್ರಿಗೇ ಆಶ್ಚರ್ಯ," ಎಂದರು.

ಅದಕ್ಕೆ ಉತ್ತರ ಇದ್ರೀಸ್ ಹೇಳಿದ. ಅವನು ಬಾಗಿಲು ತಳ್ಳಿದಾಗ ಅದು ತೆರೆಯಲಿಲ್ಲವಂತೆ, ಒಳಗಿನಿಂದ ಏನೋ ಅಡ್ಡ. ಹೆಗಲು ಕೊಟ್ಟು ನೂಕಿದರೆ ಬೀರಪ್ಪಣ್ಣ. ಬಾಗಿಲಿನ ಬುಡದಲ್ಲಿ ಅಂಗಾತ ಅಲ್ಲ, ಬೋರಲು. ಕೈಯಲ್ಲಿ ಕಂಬಳಿಯ ಮೂಲೆ. ಮುಖ ಆ ಒಂದು ಗೇಣು ಸಂದಿಗೆ. ಗಾಳಿ ಒಳಬರಬಾರದೆಂದು ನಾನು ಹೇಳಿದ್ದೆನಲ್ಲ, ಸಂದಿಗೆ ಕಂಬಳಿ ತುರುಕಲು ಬಗ್ಗಿದ್ದ. ತುರುಕುವ ಮೊದಲೇ ಕುಸಿದಿದ್ದ. ಬಿರುಗಾಳಿ ಆ ಸಂದಿಯಿಂದ ಅವನ ಮೂಗಿಗೇ ಬಡಿಯುತ್ತಿತ್ತು. ಚಪ್ಪಲಿಗಾಗಿ ಅವನು ಕದ್ದ ರಬ್ಬರಿನ ಜಾಗ.

ಆ ಪಟ್ಟಿಯನ್ನು ಒಂದು ದಿನ ಮೊದಲು ತಂದಿದ್ದರೆ ಎಂದು ಯೋಚಿಸುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಅಬು ನಾಸರ್ ಆ ಸಂಜೆಯೇ ಆಸ್ಪತ್ರೆಗೆ ಬಂದರು. ತಪ್ಪೆಲ್ಲ ನನ್ನದು ಎಂದು ಅವರ ಮುಂದೆ ಹೇಳಿದೆ: ಅರ್ಧ ಹಿಂಡಿನ ಮಾತು, ಫೋನಿನ ಮಾತು, ಎಲ್ಲ. ಅವರು ಕೈಯಲ್ಲಿದ್ದ ಜಪಮಣಿ ಬದಿಗಿಟ್ಟರು.

"ಕಿಟಕಿಯಿಲ್ಲದ ಕೋಣೆ ಕಟ್ಟಿದವನು ನಾನು, ಡಕ್ತೂರ್," ಎಂದರು. "ಉಣ್ಣೆಗೆ ದೂಳು ತಾಗಬಾರದು ಅಂತ ಅಷ್ಟೇ ಯೋಚಿಸಿದ್ದೆ."

ನಾಲ್ಕನೆಯ ದಿನ ಬೀರಪ್ಪಣ್ಣ ತೋಟಕ್ಕೆ ಮರಳಿದ. ಬಂದವನೇ ಕುರಿ ಎಣಿಸಿ, ಒಂಬತ್ತು ಕಡಿಮೆ ಎಂದು ಗೊತ್ತಿದ್ದರೂ ಇನ್ನೊಮ್ಮೆ ಎಣಿಸಿದ. ನಾನು ಕ್ಷಮೆ ಕೇಳಿದೆ. ಮೊದಲು ಅವನಿಗೆ ಅರ್ಥವೇ ಆಗಲಿಲ್ಲ.

"ಇದ್ದಲಿ ಇಟ್ಟಾಂವ ನಾನು. ನೀವ್ಯಾಕ ಅಳ್ತೀರಿ?"

"ಬಾಗಿಲು ಹಾಕು ಅಂದಾಂವ ನಾನು, ಬೀರಪ್ಪಣ್ಣ. ಎಲ್ಲಾ ಒಮ್ಮೆಗೇ ಕತ್ತರಸಿದಾಂವನೂ ನಾನು."

"ಹಂಗಾದ್ರ ಮುಂದಿನ ಸಲ ಅರ್ಧಾ ಕತ್ತರಸೂಣು," ಎಂದ. ವ್ಯವಹಾರ ಮುಗಿಯಿತು ಎನ್ನುವ ಹಾಗೆ ಎದ್ದು ನೀರಿನ ತೊಟ್ಟಿ ತುಂಬಿಸಲು ಹೋದ.

ನನಗೆ ಮಾತ್ರ ಮುಗಿದಿರಲಿಲ್ಲ. ಮಂಗಫ್‌ನಲ್ಲಿ ಮಲಗಿದರೆ ಎರಡು ಗಂಟೆಗೆ ಎಚ್ಚರ. ಫೋನ್ ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ ಎಂಬ ಕನಸು. ಎದ್ದು ನಿಜವಾಗಿಯೂ ಫೋನ್ ಮಾಡುತ್ತಿದ್ದೆ. ಬೀರಪ್ಪಣ್ಣ ಎರಡನೆಯ ರಿಂಗಿಗೇ ಎತ್ತುತ್ತಿದ್ದ.

"ಸತ್ತಿಲ್ರಿ ಡಾಕ್ಟ್ರ. ಮಲಕೋರಿ."

ಏಪ್ರಿಲ್ ಪೂರ್ತಿ ಹೀಗೇ ನಡೆಯಿತು. ಗಿರಿಜೆ ಒಂದು ರಾತ್ರಿ ಎದ್ದು ಕೂತು, "ಅವರಿಗಾದ್ರೂ ನಿದ್ದಿ ಮಾಡಾಕ ಬಿಡ್ರಿ," ಎಂದಳು. ನಾನು ಬಿಡಲಿಲ್ಲ.

ಅಷ್ಟರಲ್ಲಿ ತೋಟದಲ್ಲಿ ಬದಲಾವಣೆಗಳಾದವು. ಉಣ್ಣೆ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿ ಕೊರೆಸಿದರು. ಬಾಗಿಲಿನ ರಬ್ಬರನ್ನು ನಾಲ್ಕೂ ಕಡೆಯಿಂದ ನಾನೇ ಕಿತ್ತೆ. ಕಿತ್ತದ್ದನ್ನು ಬೀರಪ್ಪಣ್ಣ ಸುರುಳಿ ಸುತ್ತಿ ಇಟ್ಟುಕೊಂಡ. ಸಾಹೇಬನ ಚಿತ್ರಕ್ಕೆ ಹೊಸ ಗಾಜು ಹಾಕಿಸುವುದು ಅಬು ನಾಸರರಿಗೆ ಮರೆತೇಹೋಯಿತು; ಅದು ಮೇವಿನ ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಕುರಿಗಳ ಮೈಮೇಲೆ ಅರ್ಧ ಬೆರಳಿನಷ್ಟು ಹೊಸ ಉಣ್ಣೆ ಬಂತು. ಅಬು ನಾಸರರ ಗೆಳೆಯರು ತಡವಾಗಿ ಬಂದು ಕತ್ತರಿಸಿದ ಉಣ್ಣೆಯನ್ನು ಕೆನ್ನೆಗೆ ಒತ್ತಿ ನೋಡಿ, ನೆರೆಯವರಂತೆ ನಗಲಿಲ್ಲ.

ಮೇ ಮೊದಲ ವಾರ ಪಂಪು ಕೆಟ್ಟು, ರಿಪೇರಿ ಮುಗಿಯುವ ಹೊತ್ತಿಗೆ ಸಂಜೆಯಾಗಿ ನಾನು ತೋಟದಲ್ಲೇ ಉಳಿಯಬೇಕಾಯಿತು. ಕಚೇರಿಯ ಕೋಣೆಯಲ್ಲಿ ಹಾಸಿಗೆ ಇತ್ತು. ಬೀರಪ್ಪಣ್ಣ ಬೇಡ ಎಂದ.

"ಮುಚ್ಚಿದ ಖೋಲಿ ಒಳಗ ನಿಮಗ ನಿದ್ದಿ ಹತ್ತೂದಿಲ್ಲ. ಬರ್ರಿ ಇಲ್ಲೆ."

ದೊಡ್ಡಿಯ ನಡುವೆ, ಕುರಿಗಳ ಮಧ್ಯೆ ಮರಳಿನ ಮೇಲೆ ಕಂಬಳಿ ಹಾಸಿದ. ತಾನು ಪಕ್ಕದಲ್ಲಿ ಗೋಣಿಚೀಲದ ಮೇಲೆ ಉರುಳಿದ. ನಲವತ್ತೊಂಬತ್ತು ಕುರಿಗಳು ಮೆಲುಕು ಹಾಕುತ್ತಿದ್ದವು. ಒಂದು ಬಂದು ನನ್ನ ಕಾಲಿಗೆ ಬೆನ್ನು ಒತ್ತಿ ಮಲಗಿತು. ಅದರ ಪಕ್ಕೆ ಏಳುತ್ತ ಇಳಿಯುತ್ತ ಇರುವುದು ನನ್ನ ಮೀನಖಂಡಕ್ಕೆ ತಿಳಿಯುತ್ತಿತ್ತು. ಅದನ್ನು ಎಣಿಸಲು ಶುರು ಮಾಡಿದ್ದು ನೆನಪಿದೆ.

ಬಿಸಿಲು ಕಣ್ಣಿಗೆ ಬಿದ್ದು ಎಚ್ಚರವಾಯಿತು. ಕುರಿಗಳು ಆಗಲೇ ಎದ್ದು ತೊಟ್ಟಿಯ ಕಡೆ ಹೋಗಿದ್ದವು. ಬೀರಪ್ಪಣ್ಣ ಇನ್ನೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕುರುಬನೊಬ್ಬ ಕುರಿ ಎದ್ದ ಮೇಲೂ ಮಲಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಲುಗಿಸಿದೆ. ಗಡಬಡಿಸಿ ಎದ್ದು, ಸೂರ್ಯನನ್ನು ನೋಡಿ ನಾಚಿಕೊಂಡ.

"ಬೈಬ್ಯಾಡ್ರಿ. ಒಂದೂವರೆ ತಿಂಗಳಾತು, ನಿಮ್ಮ ಫೋನ್ ಬರೂತನಾ ನನಗೂ ನಿದ್ದಿ ಹತ್ತತಿರಲಿಲ್ಲ. ಈಗ ಬರ್ತೈತಿ, ಈಗ ಬರ್ತೈತಿ ಅಂತ ಕೈಯಾಗ ಹಿಡಕೊಂಡು ಕೂಡ್ತಿದ್ನಿ."

"ನಿನ್ನೆ?"

"ನಿನ್ನೆ ನೀವಽ ಬಾಜೂಕ ಗೊರಕಿ ಹೊಡೀತಿದ್ರೆಲ್ಲ. ಯಾರ ಫೋನಿಗೆ ಕಾಯ್ಲಿ?"

ಮರಳಿನಲ್ಲಿ ಬಿದ್ದಿದ್ದ ಫೋನ್ ಎತ್ತಿ ಒರೆಸಿ ನೋಡಿದೆ. ಬೆಳಗಿನ ಏಳು ಗಂಟೆ ಹತ್ತು ನಿಮಿಷವಾಗಿತ್ತು.